ಮದುಮಗನ ಜೀಪಿಗೆ ಹಾಳೆತಟ್ಟೆಯ ಪ್ಯಾಕಿಂಗ್

ನಿಟ್ಟೂರಿನ ಏರಿನಲ್ಲಿ ಮದುಮಗನನ್ನು ಕೂರಿಸಿಕೊಂಡಿದ್ದ ಜೀಪು ನಿಂತೇಬಿಟ್ಟಿತು. ಮುಹೂರ್ತಕ್ಕೆ ಒಂದೇ ಗಂಟೆ ಉಳಿದಿತ್ತು. ಜೀಪಿನ ರಿಪೇರಿ ಮೇಸ್ತ್ರಿಯಾದ ನಾನೂ ದಿಬ್ಬಣದಲ್ಲಿದ್ದೆ. ನಾನು ಕಾರ್ಬ್ಯುರೇಟರ್ ಬಿಚ್ಚಿದ ಕೂಡಲೇ, ಜೀಪಿನ ಒಡತಿ ಸಾವಿತ್ರಕ್ಕ ಅದರಡಿಯಲ್ಲಿ ಗಾಳಿ ಸೋರದಂತೆ ಇಟ್ಟಿದ್ದ, ಈಗ ಹರಿದಿದ್ದ ಪ್ಯಾಕಿಂಗ್ ಎತ್ತಿಕೊಂಡು ಕಣ್ಣ ಮುಂದೆ ಹಿಡಿದರು. ಅದರ ಮೇಲೆ ಉಪ್ಪಿನಕಾಯಿಯ ಕೆಂಪು ಕಲೆಯಿತ್ತು.

“ಕಂಪನಿ ಪ್ಯಾಕಿಂಗ್ ಅಂದಿದ್ರಲ್ಲ ಮೇಸ್ತ್ರಿ, ಕಂಪನಿಯವ್ರು ಅಪ್ಪೆಮಿಡಿ ಉಪ್ಪಿನಕಾಯಿನೂ ಬಡಿಸ್ತಾರಾ?”

ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡೆ. ಹಿಂದಿನ ರಿಪೇರಿಯಲ್ಲಿ ಬೇರೆ ಗಾಡಿಯ ಕಾರ್ಬ್ಯುರೇಟರ್ ಕೂರಿಸಲು, ಅದರಡಿಯ ಕೊಳವೆಯಾದ ಮ್ಯಾನಿಫೋಲ್ಡಿನ ಬಾಯಿಯನ್ನು ಅರದಿಂದ ಉಜ್ಜಿ ಅಗಲ ಮಾಡಿದ್ದೆ. ಆ ಅಳತೆಯ ಪ್ಯಾಕಿಂಗ್ ಸಾಗರ ಪೇಟೆಯಲ್ಲೂ ಸಿಗದೆ, ನಾನು ಉಂಡೆದ್ದ ಅಡಿಕೆ ಹಾಳೆತಟ್ಟೆಯನ್ನೇ ಕತ್ತರಿಸಿ ಇಟ್ಟಿದ್ದೆ. ಮದುಮಗ ಜೇಬಿನಿಂದ ತನ್ನ ಲಗ್ನಪತ್ರಿಕೆ ತೆಗೆದುಕೊಟ್ಟ. ಆ ದಪ್ಪ ಕಾಗದ ಕತ್ತರಿಸಿ ಇಟ್ಟೆ; ಮುಹೂರ್ತಕ್ಕೆ ಮುಟ್ಟಿದೆವು.

ಊಟಕ್ಕೆ ಎಲ್ಲರಿಗೂ ಹಾಳೆತಟ್ಟೆ. ಸಾವಿತ್ರಕ್ಕ ನನಗೊಬ್ಬನಿಗೆ ಬಾಳೆಎಲೆ ಹಾಕಿಸಿದರು. “ಇದ್ರಲ್ಲಿ ಪ್ಯಾಕಿಂಗ್ ಆಗಲ್ಲ, ನಿಶ್ಚಿಂತೆಯಿಂದ ಉಣ್ಣಿ.” ಅಪ್ಪೆಮಿಡಿ ಬಂದಾಗ ನಾನು ಬೇಡವೆಂದು ಕೈ ಅಡ್ಡ ಹಿಡಿದೆ.