ನಮ್ಮ ಗದ್ದೆಯ ಕಸ

ಎಪ್ಪತ್ತರ ದಶಕದಲ್ಲಿ, ಮುಂಡಗೋಡ ಕಡೆಯ ನಮ್ಮೂರ ಶಾಲೆಯಲ್ಲಿ ಮಧ್ಯಾಹ್ನ ಪರದೇಶದಿಂದ ಬಂದ ರವೆಯ ಸಪ್ಪೆ ಉಪ್ಪಿಟ್ಟು ಕೊಡುತ್ತಿದ್ದರು. ಒಂದು ದಿನ ನಮಗೆ ಕಲಿಸುತ್ತಿದ್ದ ಅಕ್ಕೋರು, “ನಾಳೆ ನಿಮ್ಮ ನಿಮ್ಮ ಗದ್ದ್ಯಾಗ ಬೆಳೆದದ್ದು ತರ್ರಿ, ಉಪ್ಪಿಟ್ಟಿನ್ಯಾಗ ಹಾಕೂಣು. ಮೈಗೆ ಶಕ್ತಿ ಬರತೈತಿ,” ಎಂದರು.

ನಾನು ಜಂಬದಿಂದ ನಾಲ್ಕು ಬದನೆಕಾಯಿ ಒಯ್ದೆ. ಪಕ್ಕದಲ್ಲಿ ಕೂರುತ್ತಿದ್ದ ಸಿದ್ದಿ ಹುಡುಗಿ ಉಡಿ ತುಂಬ ಹೊನಗೊನೆ ಸೊಪ್ಪು ತಂದಿದ್ದಳು. ಅವರಿಗೆ ಗದ್ದೆಯೇ ಇರಲಿಲ್ಲ. ಅವಳ ತಾಯಿ ನಮ್ಮ ಗದ್ದೆಯಲ್ಲಿ ಕಳೆ ಕೀಳಲು ಬರುತ್ತಿದ್ದಳು.

“ಎಲ್ಲಿಂದ ತಂದಿ?” ಎಂದೆ.

“ನಿಮ್ಮ ಗದ್ದಿಂದನ,” ಎಂದಳು.

ಆ ಸೊಪ್ಪು ಬಿದ್ದ ಅಂದಿನ ಉಪ್ಪಿಟ್ಟನ್ನು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ನನ್ನ ಬದನೆಕಾಯಿಯ ಮಾತನ್ನು ಯಾರೂ ಎತ್ತಲಿಲ್ಲ.

ಸಂಜೆ ಅವ್ವನಿಗೆ ಆ ಸೊಪ್ಪಿನ ಪಲ್ಯ ಮಾಡು ಎಂದೆ.

“ಅದು ಕಸ. ಕೂಲಿ ಕೊಟ್ಟು ಕೀಳಸ್ತೇವಿ. ನಾವು ತಿನ್ನೂದಲ್ಲ,” ಎಂದಳು.

“ಅಕ್ಕೋರೂ ತಿಂದ್ರಬೇ!”

“ಹಂಗಾರ ಸಾಲ್ಯಾಗ ತಿನ್ನು.”

ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಗದ್ದೆ ನಮ್ಮದು, ಸೊಪ್ಪೂ ನಮ್ಮದು. ಹಾಗಾದರೆ ನಾವು ಅದನ್ನು ತಿನ್ನಬಾರದು ಯಾಕೆ?

ಮರುದಿನವೂ ಸೊಪ್ಪು ತಂದಿದ್ದ ಆ ಹುಡುಗಿ, ಉಪ್ಪಿಟ್ಟು ತಿನ್ನುವಾಗ ಅದರಲ್ಲಿದ್ದ ಸೊಪ್ಪು ತೋರಿಸಿ ಕೇಳಿದಳು, “ನಿಮ್ಮನ್ಯಾಗ ಇದಕ್ಕ ಏನಂತಾರ?”

ನಾನು ಬಾಯಲ್ಲಿದ್ದದ್ದನ್ನು ಅಗಿಯುತ್ತಲೇ ಇದ್ದೆ.