ದ್ಯಾಮವ್ವ ಕೊಡದೇ ಇದ್ದ ವರ

ಏಳು ತಿಂಗಳ ನನ್ನ ಮಗಳು ಶ್ರಾವಣಿ ಅಂದು ಅಳಲಿಲ್ಲ. ಅಳಬೇಕಾದ ಹೊತ್ತಿಗೆ ಕೂಸು ಅಳದಿದ್ದರೆ ಎಂಥ ಹೆದರಿಕೆಯಾಗುತ್ತದೆ ಎಂಬುದು ಹೆತ್ತವರಿಗೆ ಗೊತ್ತು. ಊರದೇವಿ ದ್ಯಾಮವ್ವನನ್ನು ನಂಬಿದ ಅಕ್ಕತಂಗಿಯರೇ, ಆ ದಿನದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಮುಚ್ಚಿಟ್ಟಿದ್ದರಿಂದಲೇ ನಾನು ಮಗಳನ್ನು ಕಳೆದುಕೊಳ್ಳುವುದರಲ್ಲಿದ್ದೆ.

ನಮ್ಮದು ಮೋಟೆಬೆನ್ನೂರಿನ ಹತ್ತಿರದ ಹಳ್ಳಿ. ಹೋದ ವರ್ಷ ದೀಪಾವಳಿ ಕಳೆದು ವಾರವಾಗಿತ್ತು. ಹೊಲದಲ್ಲಿ ರಾಣೆಬೆನ್ನೂರಿನ ಕಂಪನಿಯೊಂದಕ್ಕೆ ಟೊಮೆಟೊ ಬೀಜದ ಬೆಳೆ ಹಾಕಿದ್ದೆವು. ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಮುಂಜಾನೆಯೇ ಆಗಬೇಕು, ಹೂವು ನಾಳೆಗೆ ಕಾಯುವುದಿಲ್ಲ. ಕೂಸಿಗೋ ಹಲ್ಲು ಬರುವ ಕಾಲ, ಎರಡು ದಿನದಿಂದ ಒಂದೇ ಸಮನೆ ರಚ್ಚೆ.

ನಮ್ಮಲ್ಲಿ ಕೂಸಿಗೆ ಎಣ್ಣೆ ಹಚ್ಚಿ ನೀರೆರೆದ ಮೇಲೆ ಗುಟ್ಟಿ ಕುಡಿಸುತ್ತಾರೆ. ಬಜೆ, ಅಳಲೆಕಾಯಿ, ಜಾಯಿಕಾಯಿಗಳನ್ನು ಎದೆಹಾಲಿನಲ್ಲಿ ಸಾಣೆಕಲ್ಲಿನ ಮೇಲೆ ತೇಯುವುದು. ಎಷ್ಟು ಸುತ್ತು ತೇಯುತ್ತೀರಿ ಎಂಬುದೇ ಅದರ ಅಳತೆ. ಜಾಯಿಕಾಯಿ ನಿದ್ದೆ ತರುತ್ತದೆ, ಅದಕ್ಕೆ ಒಂದು ಸುತ್ತಿನ ಮೇಲೆ ಕೈ ಆಡಿಸಬೇಡ ಎಂದು ಅತ್ತೆ ಹೇಳಿದ್ದರು. ಆ ಮಂಗಳವಾರ ಮೈ ಬೆಚ್ಚಗಿದೆಯೆಂದು ಕೂಸಿಗೆ ಎರೆಯಲಿಲ್ಲ. ಎರೆಯದ ದಿನ ಗುಟ್ಟಿಯೂ ಇಲ್ಲ. ಆದರೂ ನಾನು ಕದ್ದು ಜಾಯಿಕಾಯಿಯನ್ನು ಎಂಟು ಸುತ್ತು ತೇದು ಕುಡಿಸಿ, ಮಲಗಿಸಿ, ಹೊಲಕ್ಕೆ ಹೋದೆ.

ಹತ್ತು ಗಂಟೆಗೆ ಹಾಲೂಡಿಸಲು ಬಂದರೆ ಕೂಸು ಬಾಯಿ ತೆರೆಯಲಿಲ್ಲ. ಅಂಗಾಲು ಚಿವುಟಿದೆ, ಕಣ್ಣು ಅರೆ ತೆರೆದು ಮೇಲೆ ತೇಲಿಸಿತು. ಎತ್ತಿ ಬಿಟ್ಟ ಕೈ ಹಾಗೇ ಬಿತ್ತು. "ಮಂದಿ ಕಣ್ಣು ಬಿದ್ದೈತಿ, ದೃಷ್ಟಿ ತಗೀರಿ," ಎಂದರು ನಮ್ಮ ಮನೆಯವರು. ನಾನು ಕೂಸನ್ನು ಎತ್ತಿಕೊಂಡು ರಸ್ತೆಗೆ ಓಡಿದೆ. ಅವರೂ ಅತ್ತೆಯೂ ಹಿಂದೆ ಬಂದರು. ಹಾವೇರಿ ಬಸ್ಸಿನಲ್ಲಿ ಪಕ್ಕದ ಹೆಂಗಸು, "ಎಷ್ಟ ಶಾಣ್ಯಾ ಕೂಸವ್ವಾ, ಇಷ್ಟು ಗದ್ದಲದಾಗೂ ಅಳವಲ್ದು," ಎಂದು ಕೆನ್ನೆ ಸವರಿದಳು. ನಾನು ಕೂಸಿನ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸಿನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, "ಮನಿ ಔಷಧ, ಗುಟ್ಟಿ, ಏನಾರ ಕುಡಿಸೀರೇನ್ರಿ?" ಎಂದರು.

"ಇಲ್ರಿ," ಎಂದರು ಅತ್ತೆ. ನಾನೂ ತಲೆ ಅಲ್ಲಾಡಿಸಿದೆ.

"ಹಂಗಾದ್ರ ಮೆದುಳು ಜ್ವರ ಇರಬಹುದು. ಬೆನ್ನಾಗಿನ ನೀರು ತಗದು ನೋಡಬೇಕಾಗತೈತಿ."

ಅಷ್ಟು ಚಿಕ್ಕ ಬೆನ್ನಿಗೆ ಸೂಜಿ. ಗೋಡೆಗೆ ಒರಗಿ ಕಣ್ಣು ಮುಚ್ಚಿ ದ್ಯಾಮವ್ವನನ್ನು ಬೇಡಿದೆ: ಅವ್ವಾ, ಮಗಳು ಉಳಿಯಲಿ. ನಾನು ಮಾಡಿದ್ದು ಯಾರಿಗೂ ಗೊತ್ತಾಗದಿರಲಿ.

ಕೂಸಿನ ಹಣೆಗೆ ಹಚ್ಚಲು ದ್ಯಾಮವ್ವನ ಗುಡಿಯಿಂದ ತಂದ ಅರಿಶಿನ ಪುಡಿ, ಭಂಡಾರ, ಬೇಕಾಗಿತ್ತು. ಅದು ಯಾವಾಗಲೂ ಅತ್ತೆಯ ಎಲೆಅಡಿಕೆ ಸಂಚಿಯಲ್ಲಿರುತ್ತದೆ. ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ಭಂಡಾರವಲ್ಲ, ತೇದು ಒಂದು ಮಗ್ಗುಲು ಚಪ್ಪಟೆಯಾದ ಜಾಯಿಕಾಯಿ. ನಾನು ಅದನ್ನು ಡಬ್ಬಿಯಲ್ಲಿಟ್ಟು ಬಂದಿದ್ದೆ. ಅತ್ತೆಗೆ ನನ್ನ ಕಳ್ಳತನ ಗೊತ್ತಾಗಿದೆ ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ದ್ಯಾಮವ್ವನೇ ಇದನ್ನು ಕೈಗೆ ಕೊಟ್ಟು 'ಹೋಗು' ಎಂದಂತಾಯಿತು.

ಸೀದಾ ಡಾಕ್ಟರ್ ಬಳಿ ಹೋದೆ. "ನಾ ಸುಳ್ಳು ಹೇಳೇನ್ರಿ. ಮುಂಜಾನೆ ಇದನ್ನ ಎಂಟು ಸುತ್ತು ತೇದು ಕುಡಿಸೇನ್ರಿ."

ಹಿಂದಿನಿಂದ ಅತ್ತೆಯ ದನಿ ಬಂತು. "ಆಕಿ ಹೊಲಕ್ಕ ಹೋದ ಮ್ಯಾಲ ಕೂಸು ನರಳಾಕತ್ತಿತ್ರಿ. ನಾನೂ ತೇದು ಕುಡಿಸಿದ್ನಿ. ಸೊಸಿ ಬೈತಾಳಂತ ಸಂಚಿಯೊಳಗ ಮುಚ್ಚಿಟ್ಟ್ನಿ."

ನನ್ನ ಅತ್ತೆ ಯಾರಿಗಾದರೂ ಹೆದರುತ್ತಾರೆಂಬುದು, ಅದರಲ್ಲೂ ನನಗೆ ಹೆದರುತ್ತಾರೆಂಬುದು ಅಂದೇ ನನಗೆ ತಿಳಿದದ್ದು. ಕಳ್ಳನಿಗೊಂದು ಪಿಳ್ಳೆನೆವ ಎನ್ನುವ ಹಾಗೆ, ಇಬ್ಬರಿಗೂ ಒಂದೊಂದು ನೆಪವಿತ್ತು. ನಡುವೆ ಸಿಕ್ಕಿಕೊಂಡದ್ದು ಕೂಸು.

ಡಾಕ್ಟರ್ ಬೈಯಲಿಲ್ಲ. ಸೂಜಿ ಸದ್ಯಕ್ಕೆ ಬೇಡವೆಂದರು, ಸಲೈನ್ ಹಚ್ಚಿ, ಉಸಿರು ನೋಡುತ್ತಿರಲು ನರ್ಸಿಗೆ ಹೇಳಿದರು. ಮಂಚದ ಆಚೆ ಅತ್ತೆ, ಈಚೆ ನಾನು. ಕೂಸಿನ ಎದೆ ಏರುತ್ತದೆ, ಇಳಿಯುತ್ತದೆ; ಮತ್ತೆ ಏರುತ್ತದೋ ಇಲ್ಲವೋ ಎಂದು ಪ್ರತಿ ಸಲ ಹೆದರುತ್ತಿದ್ದೆ. ಸಂಜೆ ಐದರ ಸುಮಾರಿಗೆ ಶ್ರಾವಣಿ ಮುಖ ಕಿವುಚಿದಳು. ಆಮೇಲೆ ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಅತ್ತಳು. ಅತ್ತೆ ನನ್ನ ಕೈ ಹಿಡಿದುಕೊಂಡು ತಾವೂ ಅತ್ತರು.

ಮುಂದಿನ ವಾರ ರಾಣೆಬೆನ್ನೂರಿನ ಆಯುರ್ವೇದ ಡಾಕ್ಟರ್ ಹತ್ತಿರ ಹೋಗಿ ಎಲ್ಲ ಹೇಳಿದೆವು. "ಎಣ್ಣಿ ಹಚ್ಚಿ ಎರೀರಿ, ಅದು ಚಲೋ," ಎಂದರು ಅವರು. "ಆದ್ರ ಮನ್ಯಾಗ ತೇದು ಕುಡಿಸೂದು ಬಿಡ್ರಿ. ಆಯುರ್ವೇದ ಅಂದ್ರ ಬರೇ ಗಿಡಮೂಲಿಕಿ ಅಲ್ರಿ, ಅಳತಿನೂ ಹೌದು. ಕೂಸಿಗೆ ಬ್ಯಾನಿ ಬಂದ್ರ ಕರ್ಕೊಂಡ ಬರ್ರಿ."

ಈಗ ಎರೆಯುವುದು ಅತ್ತೆಯ ಕೆಲಸ, ಸಾಣೆಕಲ್ಲು ಅಟ್ಟದ ಮೇಲಿದೆ. ದ್ಯಾಮವ್ವನಿಗೆ ಉಡಿ ತುಂಬಲು ಇಬ್ಬರೂ ಕೂಡಿಯೇ ಹೋದೆವು. ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬಿನ ಜೊತೆ ಆ ಜಾಯಿಕಾಯಿಯನ್ನೂ ಇಟ್ಟೆವು. ಪೂಜಾರಿ ಕೇಳಲಿಲ್ಲ, ನಾವು ಹೇಳಲಿಲ್ಲ. ತಾಯಿಗೆ ಗೊತ್ತಿದ್ದರೆ ಸಾಕು.

ಅಂದು ಅವ್ವನಲ್ಲಿ ಎರಡು ಬೇಡಿದ್ದೆ. ಎರಡನೆಯದನ್ನು ಅವಳು ಕೊಡಲಿಲ್ಲ. ಅದಕ್ಕೇ ಮೊದಲನೆಯದು ಈಗ ನನ್ನ ತೊಡೆಯ ಮೇಲೆ ಕೂತು, ಬರೆಯಗೊಡದೆ ಪೆನ್ನು ಎಳೆಯುತ್ತಿದೆ.