ನನ್ನ ನೋವು, ನಾದಿನಿಯ ಮಾತು

ನನ್ನ ಗಂಡನ ತಂಗಿ ಹಾಸನದ ಆಸ್ಪತ್ರೆಯಲ್ಲಿ ನರ್ಸ್ ಟ್ರೈನಿಂಗಿಗೆ ಸೇರಿದಾಗ ನಾನು ಕೊಣನೂರಿನ ಮನೆಯಲ್ಲಿ ರಾಗಿ ಬೀಸುತ್ತಿದ್ದೆ. ಇಬ್ಬರಿಗೂ ಒಂದೇ ವಯಸ್ಸು. ನನ್ನನ್ನು ಮೂರನೇ ಕ್ಲಾಸಿಗೇ ಬಿಡಿಸಿದ್ದರು. ಅವಳು ರಜಕ್ಕೆ ಬಂದರೆ ಅವಳ ಬಿಳಿ ಸೀರೆಗೆ ನೀಲಿ ಹಾಕುವುದೂ ನನ್ನ ಕೆಲಸವೇ. ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ.

ಒಂದು ವರ್ಷ ಹಿರಿಯರಿಗೆ ಎಡೆ ಇಡುವ ಪಕ್ಷದ ಹಬ್ಬದಲ್ಲಿ ಬಾಡೂಟ ಉಂಡ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಹಿಡಿಯಿತು. ಗೂಟ ಹೊಡೆದ ಹಾಗೆ ಬೆನ್ನಿಗೆ ತೂರಿತು. ವಾಂತಿಯಾಯಿತು, ಆದರೂ ಇಳಿಯಲಿಲ್ಲ. ಅತ್ತೆ ಹೊಕ್ಕುಳು ಜಾರಿದೆ ಅಂದರು. ನನ್ನನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ದೀಪ ಹಚ್ಚಿಟ್ಟು, ಅದರ ಮೇಲೆ ಚೊಂಬು ಕವುಚಲು ಬಂದರು. ಅಂಗಾತ ಮಲಗಿದರೆ ಪ್ರಾಣ ಹೋಗುತ್ತದೆ ಅಂದೆ. ಮತ್ತೆ ಅಂದೆ. ನಾಟಕ ಆಡುತ್ತಾಳೆ ಅಂದರು. ದೀಪ ತಳ್ಳಿ ಎದ್ದು, ಒರಳುಕಲ್ಲನ್ನು ತಬ್ಬಿ ಮುಂದಕ್ಕೆ ಬಾಗಿ ಕೂತೆ. ಹಾಗೆ ಕೂತರೆ ಕೊಂಚ ತಡೆಯಬಹುದಿತ್ತು.

ಹಬ್ಬಕ್ಕೆ ಬಂದಿದ್ದ ನಾದಿನಿ ಅದನ್ನು ನೋಡಿದಳು. ನಾಡಿ ಹಿಡಿದಳು. ಬೆನ್ನಿಗೂ ಬರುತ್ತದಾ, ವಾಂತಿಯಾದ ಮೇಲೆ ಹಗುರಾಯಿತಾ ಎಂದು ಕೇಳಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

“ಇದು ಒಕ್ಕುಳಲ್ಲ ಕಣವ್ವ. ಅಂಗಾತ ಮಲಗುದ್ರೆ ಜಾಸ್ತಿ ಆಯ್ತದೆ, ಬಗ್ಗುದ್ರೆ ಕಮ್ಮಿ ಆಯ್ತದೆ. ಗಂಜಿನೂ ಕುಡಿಸ್ಬ್ಯಾಡ. ಆಸ್ಪತ್ರೆಗೆ ಕರ್ಕೊಂಡೋಗನ.”

ನಾನು ಹೇಳಿದ್ದೂ ಅದೇ ಮಾತು. ಅವಳ ಬಾಯಿಂದ ಬಂದದ್ದೇ ತಡ, ಅತ್ತೆ ಚೊಂಬು ಕೆಳಗಿಟ್ಟರು, ಗಂಡ ಬಸ್ಸು ನೋಡಲು ಓಡಿದ.

ಹಾಸನದಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಮೇದೋಜೀರಕ ಗ್ರಂಥಿ ಬಾತಿದೆ ಅಂದರು. ಅದು ಜಠರದ ಹಿಂದೆ ಇರುತ್ತದಂತೆ, ಅದಕ್ಕೇ ನೋವು ಬೆನ್ನಿಗೆ ಬರುವುದು. ದಿಂಬಿಗೆ ಒರಗಿಸಿ, ಕೈಗೆ ಗ್ಲೂಕೋಸ್ ಹಾಕಿ, ಬಾಯಿಗೆ ನೀರೂ ಕೊಡದೆ ಇಟ್ಟರು. ನಾಲಿಗೆ ಒಣಗಿದ್ದು ನನ್ನದು, ಹೊಗಳಿಕೆಯೆಲ್ಲ ಅವಳಿಗೆ. ಬಂದುಹೋದ ನೆಂಟರೂ ಅವಳ ಕೈಯನ್ನೇ ಹಿಡಿದು ಮಾತಾಡಿಸಿ ಹೋದರು.

ನೋವು ಇಳಿದ ಮೇಲೆ ಡಾಕ್ಟರು ಟ್ರೈನಿಂಗಿನ ಹುಡುಗಿಯರನ್ನು ನನ್ನ ಮಂಚದ ಸುತ್ತ ನಿಲ್ಲಿಸಿದರು. ಈ ಕಾಯಿಲೆ ಗುರುತಿಸುವುದು ಹೇಗೆಂದು ಹೇಳಲು ನಾದಿನಿಯನ್ನೇ ಮುಂದೆ ಕರೆದರು. ಅವಳು ಸೆರಗು ಸರಿಮಾಡಿಕೊಂಡು ಬಾಯಿ ತೆರೆದಳು.

“ನೀನು ಸುಮ್ಕಿರವ್ವ,” ಅಂದೆ. “ಒಟ್ಟೆ ನಂದು. ನಾನೇ ಯೋಳ್ತೀನಿ.”

ಹುಡುಗಿಯರು ನಕ್ಕರು. ಡಾಕ್ಟರು ನಗಲಿಲ್ಲ, ಹೇಳಮ್ಮ ಅಂದರು. ಬಾಡೂಟದಿಂದ ಹಿಡಿದು ಒರಳುಕಲ್ಲು ತಬ್ಬಿದ್ದರವರೆಗೂ ಹೇಳಿದೆ. ಅವರೆಲ್ಲ ಬರೆದುಕೊಂಡರು. ಕೊನೆಗೆ ನಾದಿನಿಯೂ ಪೆನ್ನು ತೆಗೆದಳು.